ಫಲಾಫೆಲ್ ಕೆಟ್ಟರೆ ತಪ್ಪು ನಾಲಿಗೆಯದಲ್ಲ

ದೊಡ್ಡ ಊರಿನ ಮೆಡಿಟರೇನಿಯನ್ ಹೋಟೆಲಿನಲ್ಲಿ ಉಂಡು ಬೇಸರಪಟ್ಟು ಬಂದ ಬೈಲಹೊಂಗಲ, ಕಿತ್ತೂರು ಕಡೆಯವರ ಬಾಯಲ್ಲಿ ಬರುವ ಮಾತು ಒಂದೇ: “ನಮ್ದು ಜ್ವಾಳದ ರೊಟ್ಟಿ ನಾಲಗಿ, ಅದೆಲ್ಲ ನಮಗ ಹಿಡಸೂದಿಲ್ಲ.” ಇದು ಪೂರ್ತಿ ತಪ್ಪು ತಿಳಿವಳಿಕೆ.

ಹಮ್ಮಸ್ ಎಂಬ ಅರಬ್ಬಿ ಶಬ್ದದ ಅರ್ಥವೇ ಕಡಲೆ. ಬೆಂದ ಕಡಲೆ, ತಾಹಿನಿ ಎಂಬ ಎಳ್ಳಿನ ಅರೆಪು, ಬೆಳ್ಳುಳ್ಳಿ, ನಿಂಬೆ, ಉಪ್ಪು ಸೇರಿದರೆ ಹಮ್ಮಸ್. ಸವದತ್ತಿ, ರಾಮದುರ್ಗದ ಎರೆ ಹೊಲಗಳಲ್ಲಿ ಕಡಲೆ ಹಿಂಗಾರಿ ಬೆಳೆ. ಅದನ್ನು ಮನುಷ್ಯ ಮೊದಲು ಪಳಗಿಸಿದ್ದು ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ. ಇಲ್ಲಿಯ ಸಣ್ಣ ಕಂದು ಕಡಲೆ, ಹಮ್ಮಸ್ಸಿನ ಕಾಬೂಲಿ ಕಡಲೆ ಎರಡೂ ಒಂದೇ ಜಾತಿಯ ಬೇರೆ ಬೇರೆ ಬಗೆ. ಹಸಿಕಡಲೆ ಸುಲಿದು ತಿಂದು, ಕಡಲೆ ಸೊಪ್ಪಿನ ಪಲ್ಯ, ಜುಣಕ ಉಂಡು ಬೆಳೆದವರ ನಾಲಿಗೆಗೆ ಕಡಲೆಯ ರುಚಿ ತಿಳಿಯದು ಎನ್ನುವುದು ಆ ನಾಲಿಗೆಗೆ ಬಗೆಯುವ ಅನ್ಯಾಯ.

ಕೆಟ್ಟಿರುವುದು ಅಡುಗೆ. ಫಲಾಫೆಲ್ ಎಂಬ ಕರಿದ ಉಂಡೆಗೆ ಕಡಲೆ ಬೇಯಿಸಬಾರದು. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಹಸಿಯಾಗಿಯೇ ಸೊಪ್ಪಿನೊಂದಿಗೆ ತರಿತರಿ ರುಬ್ಬಿ ಕರಿಯಬೇಕು. ಹಸಿ ಪಿಷ್ಟ ಕಾದ ಎಣ್ಣೆಯಲ್ಲಿ ಬೆಂದು ಅಂಟಾಗಿ ಉಂಡೆಯನ್ನು ಹಿಡಿದು ನಿಲ್ಲಿಸುತ್ತದೆ. ಬೇಯಿಸಿದ ಕಡಲೆಗೆ ಆ ಹಿಡಿತವಿಲ್ಲ, ಉಂಡೆ ಬಾಣಲೆಯಲ್ಲೇ ಒಡೆಯುತ್ತದೆ. ಒಡೆಯದಿರಲೆಂದು ಮೈದಾ ಕಲಸಿದರೆ ಒಳಗೆಲ್ಲ ಹಿಟ್ಟುಹಿಟ್ಟು. ಹೋಳಿಗೆಯ ಹೂರಣಕ್ಕೆ ಬೇಳೆ ಬೇಯಿಸುತ್ತಾರೆ, ಮಸಾಲೆ ವಡೆಗೆ ನೆನೆಸುತ್ತಾರೆ. ಈ ಭೇದ ಇಲ್ಲಿಯ ಮನೆಮನೆಗೂ ಗೊತ್ತು. ಮುರಿದ ಫಲಾಫೆಲ್ಲಿನಲ್ಲಿ ಸೊಪ್ಪಿನ ಹಸಿರು, ತರಿ, ಹಬೆ ಕಾಣಬೇಕು. ಬೂದು ಮುದ್ದೆ ಕಂಡರೆ ತಟ್ಟೆ ವಾಪಸ್ ಕಳಿಸುವುದೇ ಸರಿ.

ಹಮ್ಮಸ್ ಮರಳುಮರಳಾದರೆ ಕಡಲೆ ಬೆಂದಿಲ್ಲ ಎಂದರ್ಥ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಸಿಪ್ಪೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಚಿಟಿಕೆ ಸೋಡಾ ಹಾಕಿ, ಬೆರಳ ನಡುವೆ ಒತ್ತಿದರೆ ಬೆಣ್ಣೆಯಂತಾಗುವವರೆಗೆ ಕುದಿಸಬೇಕು. ಎಳ್ಳಿನ ಬದಲು ಮಯೊನೀಸ್ ಬಿದ್ದಿದ್ದರೆ ಅದು ಹಮ್ಮಸ್ಸೇ ಅಲ್ಲ.

ಪಿಟಾ ರೊಟ್ಟಿ ಚರ್ಮದಂತೆ ಜಗಿಯುವಂಥದ್ದು ಎಂಬುದೂ ಸುಳ್ಳು. ಜೋಳದ ರೊಟ್ಟಿಯ ಹಾಗೆ ಅದೂ ಒಳಗಿನ ಹಬೆಗೆ ಉಬ್ಬುತ್ತದೆ. ಆರಿದ ಪಿಟಾವನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ರಬ್ಬರಿನಂತಾಗುತ್ತದೆ.

ಖಾನಾವಳಿಯಲ್ಲಿ ಜುಣಕ ಹಸಿಹಸಿ ವಾಸನೆ ಬಂದರೆ ಬಡಿಸಿದವನನ್ನು ಅಲ್ಲೇ ಕರೆದು ಕೇಳುವ ಜನ, ಹೆಸರು ಪರದೇಶಿಯಾದ ಕೂಡಲೇ ತಮ್ಮ ರುಚಿಯನ್ನೇ ನಂಬದಂತಾಗುವುದು ನೋವಿನ ಸಂಗತಿ. ಮೆನುವಿನಲ್ಲಿ ಅಚ್ಚಾದದ್ದೆಲ್ಲ ನಿಜ ಎಂಬ ಈ ನಂಬಿಕೆಯ ಮೇಲೆಯೇ ಕೆಟ್ಟ ಅಡುಗೆಯ ವ್ಯಾಪಾರ ನಡೆಯುತ್ತದೆ.

ಮೆಡಿಟರೇನಿಯನ್ ಎಂದಿದ್ದರೆ ಸಾಕು, ಆರೋಗ್ಯಕ್ಕೆ ಒಳ್ಳೆಯದು ಎನ್ನುವವರೂ ಇದ್ದಾರೆ. 2010ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಆ ಸಮುದ್ರದ ಸುತ್ತಲಿನ ಜನರ ಬೆಳೆ, ಅಡುಗೆ, ಕೂಡಿ ಉಣ್ಣುವ ರೂಢಿ. ಕರಿದ ಆಲೂಗಡ್ಡೆ, ಮಯೊನೀಸ್ ತುಂಬಿದ ಸುರುಳಿಯಲ್ಲ. ಇನ್ನು ತಬೂಲೆ ಎಂದರೆ ಗೋಧಿ ನುಚ್ಚಿನ ಉಪ್ಪಿಟ್ಟಿನಂಥದ್ದು ಎನ್ನುವುದೂ ತಪ್ಪು: ಲೆಬನಾನಿನಲ್ಲಿ ಅದು ಪಾರ್ಸ್ಲಿ ಸೊಪ್ಪಿನ ಕೋಸಂಬರಿ, ನುಚ್ಚು ಒಂದು ಹಿಡಿ ಮಾತ್ರ.