ಮಾತಿನ ಗುಹೆ, ಚಿತ್ರದ ಗುಹೆ

ಹಳೆಯ ಮನೆಯನ್ನು ಹೊಸದಾಗಿ ಕಟ್ಟಿಸುವವನಿಗೆ ಎರಡು ಬಗೆಯ ನಿಂದೆ ತಪ್ಪಿದ್ದಲ್ಲ. ಇದ್ದಂತೆಯೇ ಕಟ್ಟಿಸಿದರೆ, 'ಇಷ್ಟಕ್ಕೆ ಇಷ್ಟು ಖರ್ಚೇಕೆ?' ಎನ್ನುವರು, ಬದಲಾಯಿಸಿ ಕಟ್ಟಿಸಿದರೆ, 'ಹಿರಿಯರು ಬಾಳಿದ ಮನೆಯನ್ನು ಕೆಡಿಸಿದ' ಎನ್ನುವರು. ಕಾವ್ಯ, ನಾಟಕ, ಚಲನಚಿತ್ರಗಳ ಲೋಕದಲ್ಲಿ ಈ ಎರಡು ಮಾತುಗಳನ್ನೂ ನಾವು ಕೇಳುತ್ತ ಬಂದಿದ್ದೇವೆ. ಕಂಪ್ಯೂಟರಿನ ಆಟಗಳ ಲೋಕದಲ್ಲಿಯೂ ಇದೇ ವಿವಾದ ನಡೆದಿದೆಯೆಂದರೆ ಸಾಹಿತ್ಯಾಭಿಮಾನಿಗಳಾದ ಕೆಲವರು ಮುಖ ತಿರುಗಿಸಬಹುದು. ಅವರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ನನ್ನ ಬಿನ್ನಹ. ನಾನು ಹೇಳಹೊರಟಿರುವ ಆಟದಲ್ಲಿ ಮೊದಲು ಒಂದು ಚಿತ್ರವೂ ಇರಲಿಲ್ಲ. ಅದು ಪೂರ್ಣವಾಗಿ ಮಾತಿನಿಂದಲೇ ಕಟ್ಟಿದ್ದು. ಸುಮಾರು ಐವತ್ತು ವರ್ಷಗಳ ತರುವಾಯ ಅದಕ್ಕೆ ಚಿತ್ರದ ರೂಪ ಬಂದಾಗ ಅದರ ಅಭಿಮಾನಿಗಳು ಎತ್ತಿದ ಪ್ರಶ್ನೆ ಸಾಹಿತ್ಯವನ್ನು ಓದುವ ಮತ್ತು ಓದಿಸುವ ನಮ್ಮೆಲ್ಲರ ಪ್ರಶ್ನೆಯೂ ಹೌದು.

ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಮ್ಯಾಮತ್ ಗುಹೆಯೆಂಬ ಸುಣ್ಣಕಲ್ಲಿನ ಗುಹಾಸಮೂಹವಿದೆ. ಇದುವರೆಗೆ ಅಳೆದಿರುವ ಅದರ ದಾರಿಗಳ ಉದ್ದ 420 ಮೈಲಿಗಳಿಗೂ ಮಿಗಿಲು. ಲೋಕದಲ್ಲಿ ತಿಳಿದಿರುವ ಗುಹೆಗಳಲ್ಲೆಲ್ಲ ಉದ್ದವಾದದ್ದು ಇದೇ. ನೆರೆಯ ಫ್ಲಿಂಟ್ ರಿಜ್ ಎಂಬ ಗುಹಾಸಮೂಹಕ್ಕೂ ಇದಕ್ಕೂ ಒಳದಾರಿಯುಂಟೆಂದು 1972ರ ಸೆಪ್ಟೆಂಬರಿನಲ್ಲಿ ಕಂಡುಹಿಡಿದ ತಂಡದಲ್ಲಿ ಪೆಟ್ರಿಷಿಯಾ ಕ್ರೌಥರ್ ಎಂಬಾಕೆಯಿದ್ದರು. ಅವರ ಪತಿ ವಿಲ್ ಕ್ರೌಥರ್ ಕೂಡ ಗುಹಾಸಂಚಾರಿ. ವೃತ್ತಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು. ಇಂದಿನ ಇಂಟರ್ನೆಟ್ಟಿನ ಪೂರ್ವಜನೆನ್ನಬಹುದಾದ ಅರ್ಪಾನೆಟ್ ಜಾಲವನ್ನು ಕಟ್ಟಿದವರಲ್ಲಿ ಅವರೊಬ್ಬರು. ದಂಪತಿಗಳು ನೆಲದಡಿ ತೆಗೆದ ಅಳತೆಗಳನ್ನು ಕಂಪ್ಯೂಟರಿಗೆ ಊಡಿ ಗುಹೆಯ ನಕ್ಷೆಗಳನ್ನು ತಯಾರಿಸುತ್ತಿದ್ದರು.

ಅನಂತರ ಆ ದಾಂಪತ್ಯ ಮುರಿಯಿತು. ಕ್ರೌಥರ್ ಗುಹೆಗಳಿಂದಲೂ ಮಕ್ಕಳಿಂದಲೂ ದೂರವಾದರು. ಆಗ, ಎಂದರೆ 1975-76ರ ಸುಮಾರಿಗೆ, ತಮ್ಮ ಇಬ್ಬರು ಹೆಣ್ಣುಮಕ್ಕಳು ತಮ್ಮಲ್ಲಿಗೆ ಬಂದಾಗ ಆಡಲೆಂದು ಅವರೊಂದು ಆಟವನ್ನು ಬರೆದರು. ಅದರಲ್ಲಿ ಕಂಪ್ಯೂಟರು ಒಂದು ಸ್ಥಳವನ್ನು ಎರಡು ಮೂರು ವಾಕ್ಯಗಳಲ್ಲಿ ಬಣ್ಣಿಸುತ್ತದೆ. ಆಡುವವರು ಒಂದೆರಡು ಪದಗಳಲ್ಲಿ ಉತ್ತರ ಬರೆಯಬೇಕು: ಉತ್ತರಕ್ಕೆ ಹೋಗು, ದೀಪ ತೆಗೆದುಕೋ, ಬಾಗಿಲು ತೆರೆ. ಪದದ ಮೊದಲ ಐದು ಅಕ್ಷರಗಳನ್ನಷ್ಟೇ ಆ ಯಂತ್ರ ಗಮನಿಸುತ್ತಿತ್ತು. ಅಷ್ಟು ಬಡ ವ್ಯಾಕರಣದ ಆಟ! ಆದರೂ ಅದನ್ನು ಆಡಿದವರು ತಾವು ನೆಲದಡಿಯ ಕತ್ತಲಲ್ಲಿ ನಿಜವಾಗಿ ನಡೆದೆವೆಂದೇ ಹೇಳುತ್ತಿದ್ದರು.

ಸ್ಟ್ಯಾನ್‌ಫರ್ಡಿನಲ್ಲಿದ್ದ ಡಾನ್ ವುಡ್ಸ್ ಎಂಬ ತರುಣನಿಗೆ ಇದರ ಪ್ರತಿಯೊಂದು ಸಿಕ್ಕಿತು. ಕರ್ತೃವನ್ನು ಹುಡುಕಲು ಆತ ಹೂಡಿದ ಉಪಾಯ ಸೊಗಸಾಗಿದೆ: ಜಾಲದಲ್ಲಿದ್ದ ಒಂದೊಂದು ಕಂಪ್ಯೂಟರಿಗೂ 'ಕ್ರೌಥರ್' ಎಂಬ ಹೆಸರಿಗೆ ಪತ್ರ ಕಳುಹಿಸಿದ. ಉತ್ತರ ಬಂದಿತು, ಅಪ್ಪಣೆಯೂ ದೊರೆಯಿತು. ವುಡ್ಸ್ 1977ರಲ್ಲಿ ಆಟವನ್ನು ಬೆಳೆಸಿ, ಹದಿನೈದು ನಿಧಿಗಳನ್ನೂ 350 ಅಂಕಗಳ ಗಣನೆಯನ್ನೂ ಅದರಲ್ಲಿ ತಂದನು. ಅಲ್ಲಿಂದ ಅದು ವಿಶ್ವವಿದ್ಯಾನಿಲಯಗಳಿಗೂ ಕಚೇರಿಗಳಿಗೂ ಹಬ್ಬಿತು. ಇಂದು ಸಾಹಸದ ಆಟಗಳೆಂಬ ಒಂದು ಪ್ರಕಾರವೇ ಇದ್ದರೆ, ಅದು ಹೆಸರು ಪಡೆದದ್ದು 'ಅಡ್ವೆಂಚರ್' ಎಂಬ ಈ ಆಟದಿಂದ.

ಇದರ ಮಾಯೆಗೆ ಸಿಕ್ಕಿದವರಲ್ಲಿ ಕ್ಯಾಲಿಫೋರ್ನಿಯದ ಯುವ ಗೃಹಿಣಿ ರಾಬರ್ಟಾ ವಿಲಿಯಮ್ಸ್ ಒಬ್ಬರು. ಆಟ ಮುಗಿದ ಮೇಲೆ ಇಂಥದೇ ಇನ್ನೊಂದು ಬೇಕೆನಿಸಿ, ತಾವೇ ಒಂದು ಕಥೆ ಹೆಣೆದು, ಪತಿ ಕೆನ್ ಅವರಿಂದ ಪ್ರೋಗ್ರಾಂ ಬರೆಯಿಸಿ, 1980ರಲ್ಲಿ 'ಮಿಸ್ಟರಿ ಹೌಸ್' ಎಂಬ ಆಟವನ್ನು ಹೊರತಂದರು. ಸಾಹಸದ ಆಟಕ್ಕೆ ರೇಖಾಚಿತ್ರಗಳನ್ನು ಮೊದಲು ಕೂಡಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ. ಮುಂದೆ ಸಿಯೆರಾ ಎಂಬ ಹೆಸರಿನಿಂದ ಪ್ರಖ್ಯಾತವಾದ ಅವರ ಸಂಸ್ಥೆ 1984ರಲ್ಲಿ 'ಕಿಂಗ್ಸ್ ಕ್ವೆಸ್ಟ್' ಆಟವನ್ನು ತಂದಿತು. 1996ರಲ್ಲಿ ಸಂಸ್ಥೆಯನ್ನು ಮಾರಿ, ಕೆಲಕಾಲದ ಮೇಲೆ ದಂಪತಿಗಳು ವಿಶ್ರಾಂತ ಜೀವನಕ್ಕೆ ತೊಡಗಿದರು. ಕೊರೋನಾ ಪಿಡುಗಿನ ದಿನಗಳಲ್ಲಿ ಮನೆಯಲ್ಲಿ ಕುಳಿತ ಕೆನ್ ಹೊಸ ಕಾಲದ ಆಟ ಕಟ್ಟುವ ವಿದ್ಯೆಯನ್ನು ಕಲಿಯಲಾರಂಭಿಸಿದಾಗ, ಹಾಗಾದರೆ ಆ ಗುಹೆಯನ್ನೇ ಕಟ್ಟಬಾರದೇಕೆ ಎಂದು ಸೂಚಿಸಿದವರು ರಾಬರ್ಟಾ. ಹೀಗೆ 2023ರ ಜನವರಿ 19ರಂದು 'ಕೊಲಾಸಲ್ ಕೇವ್' ಹೊಸ ರೂಪದಲ್ಲಿ ಹೊರಬಂದಿತು. ವಾಕ್ಯಗಳಲ್ಲಿ ಮಾತ್ರವಿದ್ದ ಗುಹೆ ಈಗ ಮೂರು ಆಯಾಮಗಳಲ್ಲಿ ಕಣ್ಣೆದುರು ನಿಂತಿತು. ಹಳೆಯ ವರ್ಣನೆಗಳನ್ನು ನಿರೂಪಕನೊಬ್ಬ ಕಿವಿಗೆ ಓದಿ ಹೇಳಿದನು.

ಇನ್ನು ಅಭಿಮಾನಿಗಳ ಮಾತು. ಅವರು ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಎಪ್ಪತ್ತರ ದಶಕದಲ್ಲಿ ಟೆಲಿಟೈಪಿನ ಕಾಗದದ ಮೇಲೆ ಈ ಆಟವನ್ನು ಆಡಿ ಈಗ ನರೆತಿರುವವರಲ್ಲಿ ಅನೇಕರಿಗೆ ಆನಂದವಾಯಿತು. ಹೆಸರು ಕೇಳಿ ಮಾತ್ರ ಗೊತ್ತಿದ್ದ ಊರಿಗೆ ಕೊನೆಗೊಮ್ಮೆ ಹೋಗಿಬಂದವರ ಆನಂದ ಅದು. ಹೊಸ ತಲೆಮಾರಿನ ಕೆಲವರಿಗೆ ಬೇಸರವಾಯಿತು: ಎಲ್ಲಿಂದಲೋ ಬಂದ ಕುಬ್ಜನೊಬ್ಬ ಕತ್ತಿ ಎಸೆದು ಕೊಲ್ಲುವುದೇಕೆ? ಕಡಲ್ಗಳ್ಳನೊಬ್ಬ ಗಳಿಸಿದ ನಿಧಿಯನ್ನು ಕದ್ದೊಯ್ಯುವುದೇಕೆ? ದೀಪ ನಡುದಾರಿಯಲ್ಲಿ ಆರುವುದೇಕೆ? ಮೂಲಕ್ಕೆ ಇಷ್ಟು ನಿಷ್ಠೆ ತೋರಬೇಕಿತ್ತೆ ಎಂದು ಅವರು ಕೇಳಿದರು. ಮೂರನೆಯ ಗುಂಪಿನವರ ಆಕ್ಷೇಪ ಇದಕ್ಕೆ ತದ್ವಿರುದ್ಧ. ಒಗಟುಗಳು ಹಾಗೆಯೇ ಇವೆ, ನಿಧಿಗಳು ಹಾಗೆಯೇ ಇವೆ, ವಾಕ್ಯಗಳೂ ಕೇಳಿಸುತ್ತವೆ. ಆದರೂ ನಾವು ಕಂಡ ಗುಹೆ ಇದಲ್ಲ ಎಂದು ಅವರು ಹೇಳಿದರು.

ಈ ಮೂರನೆಯ ಮಾತು ನನಗೆ ಎಲ್ಲಕ್ಕಿಂತ ವಿಚಾರಾರ್ಹವೆಂದು ತೋರುತ್ತದೆ. ಒಂದೂ ಕಳೆಯದೆ ಏನೋ ಕಳೆದುಹೋಯಿತೆಂದರೆ ಕಳೆದದ್ದು ಯಾವುದು?

ಎರಡು ನಿದರ್ಶನಗಳಿಂದ ಇದನ್ನು ನೋಡೋಣ. ಆ ಗುಹೆಯಲ್ಲಿ ಎರಡು ಚಕ್ರವ್ಯೂಹಗಳಿವೆ. ಒಂದರಲ್ಲಿ ಎಲ್ಲಿ ನಿಂತರೂ ವರ್ಣನೆ ಒಂದೇ. ಕೈಯಲ್ಲಿರುವ ವಸ್ತುಗಳನ್ನು ಒಂದೊಂದು ಕಡೆ ಇಟ್ಟು ಗುರುತು ಮಾಡಿಕೊಳ್ಳದೆ ಗತ್ಯಂತರವಿಲ್ಲ. ಇನ್ನೊಂದರ ಚಮತ್ಕಾರ ಬೇರೆ. ಅಲ್ಲಿ ಪ್ರತಿಯೊಂದು ಸ್ಥಳದ ವರ್ಣನೆಯಲ್ಲಿಯೂ ಹೆಚ್ಚುಕಡಮೆ ಅವೇ ಪದಗಳಿದ್ದು ಅವುಗಳ ಕ್ರಮ ಮಾತ್ರ ಬೇರೆಯಾಗುತ್ತದೆ. ಕಿರಿದು, ಸುತ್ತುಬಳಸು, ದಾರಿ, ವ್ಯೂಹ ಎಂಬರ್ಥದ ಕೆಲವೇ ಪದಗಳು ಸ್ಥಾನ ಬದಲಾಯಿಸುತ್ತ ಹೋಗುತ್ತವೆ. ಅವಸರದಿಂದ ಓದುವವನಿಗೆ ಎಲ್ಲವೂ ಒಂದೇ. ಪದಕ್ರಮವನ್ನು ಗಮನಿಸಿ ಓದುವವನಿಗೆ ಪ್ರತಿಯೊಂದೂ ಪ್ರತ್ಯೇಕ. ವಾಕ್ಯರಚನೆಯನ್ನೇ ದಾರಿದೀಪವಾಗಿಸಿದ ಈ ಒಗಟನ್ನು ಭಾಷೆಯ ಉಪಾಧ್ಯಾಯನಾದ ನಾನು ಮೆಚ್ಚದಿರಲಾರೆ. ಆದರೆ ವಿಶೇಷಣಗಳ ಅದಲುಬದಲನ್ನು ಕಲ್ಲಿನ ಗೋಡೆಯ ಮೇಲೆ ಯಾವ ಚಿತ್ರಕಾರ ತಾನೆ ಬರೆದಾನು?

ಇನ್ನೊಂದು, ಡ್ರ್ಯಾಗನ್ನಿನ ಪ್ರಸಂಗ. ರತ್ನಗಂಬಳಿಯೊಂದರ ಮೇಲೆ ಮಲಗಿ ದಾರಿಗಡ್ಡವಾದ ಆ ಮಹಾಸರ್ಪವನ್ನು ಕೊಲ್ಲೆಂದು ಆಡುವವನು ಬರೆಯುತ್ತಾನೆ. ಏತರಿಂದ, ಬರಿಗೈಯಿಂದಲೇ ಎಂದು ಆಟ ಅಪಹಾಸ್ಯ ಮಾಡುತ್ತದೆ. ಬೇರೆ ಉಪಾಯಗಳನ್ನೆಲ್ಲ ಹುಡುಕಿ ದಣಿದ ಆಟಗಾರ ಕಡೆಗೊಮ್ಮೆ ರೇಗಿ 'ಹೌದು' ಎಂದು ಉತ್ತರಿಸಿದರೆ, ಡ್ರ್ಯಾಗನ್ ಸತ್ತೇಹೋಗುತ್ತದೆ! ವಕ್ರೋಕ್ತಿಯನ್ನು ವಾಚ್ಯಾರ್ಥದಲ್ಲಿ ಹಿಡಿದವನಿಗೆ ಗೆಲವು. ಸಂವಾದದಲ್ಲಿ ಹುಟ್ಟಿದ ಹಾಸ್ಯ ಇದು. ಚಿತ್ರವು ಅದನ್ನು ಅನುಸರಿಸಬಹುದು, ತಾನಾಗಿ ಹುಟ್ಟಿಸಲಾರದು.

ಹೀಗೆ ಹಳಬರು ಕಳೆದುಕೊಂಡದ್ದು ತಮ್ಮ ಪಾಲಿನ ಕೆಲಸವನ್ನು. ಮಾತಿನ ಗುಹೆಯನ್ನು ಅರ್ಧ ಕ್ರೌಥರ್ ಮತ್ತು ವುಡ್ಸ್ ಕಟ್ಟಿದರು; ಉಳಿದರ್ಧವನ್ನು ಓದಿದವರು ತಾವೇ ಕಟ್ಟಿಕೊಂಡರು. ಒಬ್ಬನ ಗುಹೆಯ ಛಾವಣಿ ಎತ್ತರ, ಇನ್ನೊಬ್ಬನದು ತಗ್ಗು. ಹೊಸ ಆಟದ ಗುಹೆಯಾದರೋ ಎಲ್ಲರಿಗೂ ಒಂದೇ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ 1933ರದು, ಬಿ. ವಿ. ಕಾರಂತರ ಚಲನಚಿತ್ರ 1975ರದು. ಚಿತ್ರದಲ್ಲಿ ವಾಸುದೇವರಾಯರ ಅಭಿನಯ ಎಷ್ಟು ಶ್ರೇಷ್ಠವಾಯಿತೆಂದರೆ, ಅದನ್ನು ನೋಡಿದ ಮೇಲೆ ಕಾದಂಬರಿಯನ್ನು ಓದುವ ನನ್ನ ವಿದ್ಯಾರ್ಥಿಗಳಿಗೆ ಬೇರೊಬ್ಬ ಚೋಮ ಕಾಣುವುದೇ ದುಸ್ತರ. ಚಿತ್ರ ಕೆಟ್ಟದ್ದಾದಾಗ ಕಲ್ಪನೆ ಅದನ್ನು ಸುಲಭವಾಗಿ ತಳ್ಳಿಹಾಕುತ್ತದೆ. ಉತ್ತಮವಾದಾಗಲೇ ಅದರ ಬಂಧನ ಬಿಗಿ.

ಆದುದರಿಂದ ಮರುನಿರ್ಮಾಣವೇ ಸಲ್ಲದೆಂದು ತೀರ್ಮಾನಿಸೋಣವೆ? ಅದು ಆತುರದ ತೀರ್ಪಾಗುತ್ತದೆ. ಮೂಲವೆಂದು ನಾವು ಕರೆಯುವ ಆಟವೇ ಒಂದು ಮರುನಿರ್ಮಾಣ. ಡೆನಿಸ್ ಜೆರ್ಜ್ ಎಂಬ ವಿದ್ವಾಂಸರು, ಕಳೆದೇಹೋಯಿತೆಂದು ಎಲ್ಲರೂ ಭಾವಿಸಿದ್ದ ಕ್ರೌಥರ್ ಅವರ ಮೊದಲ ಪ್ರತಿಯನ್ನು ವುಡ್ಸ್ ಅವರ ಹಳೆಯ ಕಡತಗಳ ನಕಲಿನಿಂದ ಪಡೆದು, ಅದನ್ನು ನಿಜವಾದ ಗುಹೆಯೊಡನೆ ಹೋಲಿಸಿ 2007ರಲ್ಲಿ ಲೇಖನ ಪ್ರಕಟಿಸಿದರು. ಮ್ಯಾಮತ್ ಸಮೂಹದ ಬೆಡ್‌ಕ್ವಿಲ್ಟ್ ಎಂಬ ಭಾಗವನ್ನು ಕ್ರೌಥರ್ ಎಷ್ಟು ನಿಷ್ಠೆಯಿಂದ ಮಾತಿಗಿಳಿಸಿದ್ದಾರೆಂಬುದು ಅದರಿಂದ ಸ್ಪಷ್ಟವಾಯಿತು. ಗುಹಾಸಂಚಾರಿಗಳು ಹೇಳುವ ಒಂದು ಪ್ರಸಂಗವಿದೆ: ಬೆಡ್‌ಕ್ವಿಲ್ಟಿಗೆ ಮೊದಲ ಸಲ ಬಂದ ಮಹಿಳೆಯೊಬ್ಬರು, ಆಟದ ಗುಹೆ ಇದೇ ಎಂದು ತಿಳಿದೊಡನೆ, ಆಟದಲ್ಲಿ ಕಲಿತ ದಾರಿಯನ್ನು ನೆನೆದು ಒಳಗೆಲ್ಲ ತಾವೇ ಮುಂದಾಗಿ ನಡೆದರಂತೆ. ಕಲ್ಲಿನ ಗುಹೆಯನ್ನು ಮಾತಿಗೆ ತಂದದ್ದು ಸರಿಯಾದರೆ, ಮಾತಿನದನ್ನು ಚಿತ್ರಕ್ಕೆ ತಂದದ್ದು ಮಾತ್ರ ಅಪರಾಧ ಹೇಗಾದೀತು? ಓದುಗಿತ್ತಿಯಾಗಿದ್ದ ರಾಬರ್ಟಾ, ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ತಮ್ಮ ಮನಸ್ಸಿನಲ್ಲಿ ಉಳಿದಿದ್ದ ಗುಹೆಯನ್ನು ನಮಗೆ ತೋರಿಸಿದ್ದಾರೆ. ತಾವು ಮರುಕಲ್ಪಿಸಿದ್ದೆಂದು ಅದರ ಹೆಸರಿನೊಡನೆ ಹೇಳಿಕೊಂಡೂ ಇದ್ದಾರೆ. ಅದೊಂದು ವ್ಯಾಖ್ಯಾನ, ವ್ಯಾಖ್ಯಾನವನ್ನು ವ್ಯಾಖ್ಯಾನವೆಂದು ಓದುವುದೇ ನ್ಯಾಯ.

ಆದರೆ ಒಂದು ನಿಯಮವನ್ನು ಬಿಡುವಂತಿಲ್ಲ. ವ್ಯಾಖ್ಯಾನದ ಪಕ್ಕದಲ್ಲಿ ಮೂಲ ಉಳಿದಿರಬೇಕು. ಹತ್ತನೆಯ ಶತಮಾನದ ಪಂಪ ಭಾರತಕಥೆಯನ್ನು ಮಾರ್ಪಡಿಸಿದನು. ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು, ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದನು. ನಾವು ನೆಮ್ಮದಿಯಿಂದ ಅವನನ್ನು ಮೆಚ್ಚುವುದಕ್ಕೆ ಅವನ ಪ್ರತಿಭೆ ಒಂದು ಕಾರಣ. ವ್ಯಾಸಭಾರತ ಅಳಿಯಲಿಲ್ಲವೆಂಬುದು ಇನ್ನೊಂದು. ಆಟಗಳ ಲೋಕದಲ್ಲಿ ಈ ಭರವಸೆ ಯಾವಾಗಲೂ ಇಲ್ಲ. 2021ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ' ಮಾಲೆಯ ಮೂರು ಹಳೆಯ ಆಟಗಳನ್ನು ಹೊಸದಾಗಿ ತಂದವರು ಮೂಲಗಳ ಮಾರಾಟವನ್ನು ನಿಲ್ಲಿಸಿದರು. ಅಭಿಮಾನಿಗಳು ಬೊಬ್ಬಿಟ್ಟ ಮೇಲೆ ಕ್ಷಮೆ ಕೇಳಿ, ಕಂಪ್ಯೂಟರಿನ ಮಟ್ಟಿಗಾದರೂ ಅವನ್ನು ಮತ್ತೆ ಮಾರಾಟಕ್ಕೆ ಇಟ್ಟರು. ಆ ಬೊಬ್ಬೆಯನ್ನು ನಾನು ಹಳಬರ ಹಠವೆಂದು ಎಣಿಸಲಾರೆ; ಓಲೆಗರಿಯನ್ನು ಗೆದ್ದಲಿಗೆ ಕೊಡಬೇಡಿರೆಂದು ಕೂಗುವುದೂ ಅದೂ ಒಂದೇ.

ಇದಕ್ಕೆ ವಿರುದ್ಧವಾದ ಒಳ್ಳೆಯ ಮೇಲ್ಪಂಕ್ತಿಯೂ ಉಂಟು. 1990ರ 'ಮಂಕಿ ಐಲೆಂಡ್' ಆಟಕ್ಕೆ 2009ರಲ್ಲಿ ಹೊಸ ಚಿತ್ರಗಳನ್ನು ಬರೆದವರು, ಒಂದು ಕೀಲಿಯನ್ನೊತ್ತಿದೊಡನೆ ಹಳೆಯ ಚಿತ್ರ ಮೂಡುವಂತೆ ಏರ್ಪಡಿಸಿದರು. ಮೂಲವನ್ನು ಎಡಪುಟದಲ್ಲಿಯೂ ಅನುವಾದವನ್ನು ಬಲಪುಟದಲ್ಲಿಯೂ ಅಚ್ಚುಹಾಕುವ ಗ್ರಂಥಸಂಪಾದಕರ ಪ್ರಾಮಾಣಿಕತೆ ಇದು. 'ಅಡ್ವೆಂಚರ್' ಆಟಕ್ಕೂ ಇಂಥ ಭಾಗ್ಯವಿದೆ. ಅದರ 1995ರ 430 ಅಂಕಗಳ ಪಾಠವನ್ನು, ಕ್ರೌಥರ್ ಮತ್ತು ವುಡ್ಸ್ ಇಬ್ಬರ ಒಪ್ಪಿಗೆಯಿಂದ, 2017ರಲ್ಲಿ ಯಾರು ಬೇಕಾದರೂ ಪಡೆದು ಆಡುವಂತೆ ಬಿಡುಗಡೆ ಮಾಡಿದ್ದಾರೆ.

ಆದುದರಿಂದ ನನ್ನ ವಿದ್ಯಾರ್ಥಿಗಳಿಗೂ ಅವರ ವಯಸ್ಸಿನ ಇತರ ವಾಚಕರಿಗೂ ಒಂದು ಸಲಹೆ. ಮೊದಲು ಮಾತಿನ ಗುಹೆಯನ್ನು ಹೊಗಿರಿ. ಪಕ್ಕದಲ್ಲಿ ಒಂದು ಕಾಗದವನ್ನಿಟ್ಟುಕೊಂಡು, ನಡೆದ ದಾರಿಯ ನಕ್ಷೆಯನ್ನು ನೀವೇ ಗೀಚಿರಿ. ಎರಡನೆಯ ಚಕ್ರವ್ಯೂಹಕ್ಕೆ ಬಂದಾಗ ಪದಗಳ ಕ್ರಮವನ್ನು ಬೆರಳಿಟ್ಟು ನೋಡಿರಿ. ಅದಾದ ಮೇಲೆ ರಾಬರ್ಟಾ ಅವರ ಗುಹೆಗೆ ಧಾರಾಳವಾಗಿ ಹೋಗಬಹುದು. ಕೈಯಲ್ಲಿ ನಿಮ್ಮ ನಕ್ಷೆಯಿರುವುದರಿಂದ, ಅವರ ಗೋಡೆ ಎಲ್ಲಿ ನಿಮ್ಮದಕ್ಕಿಂತ ಸುಂದರ, ಎಲ್ಲಿ ನಿಮ್ಮದೇ ಮೇಲು ಎಂದು ನೀವೇ ತೂಗಿ ಹೇಳಬಲ್ಲಿರಿ.