ಸಂಘದ ಲೆಕ್ಕಕ್ಕೆ ಮೂರು ಡಿಸ್ಕುಗಳ ಸರದಿ

ಹಳ್ಳಿಯ ಅನೇಕ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಇಂದು ಹಾಲಿನ ಅಳತೆ, ಜಿಡ್ಡಿನಂಶ, ಪಶು ಆಹಾರದ ಬಾಕಿ ಹಾಗೂ ಬಟವಾಡೆಯ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಇದರಿಂದ ಕೆಲಸ ಹಗುರವಾಗಿದೆ. ಆದರೆ ಆ ಒಂದು ಯಂತ್ರ ಕೆಟ್ಟರೆ ಯಾರಿಗೆ ಎಷ್ಟು ಹಣ ಸಲ್ಲಬೇಕೆಂಬುದೇ ತಿಳಿಯದಂತಾಗುತ್ತದೆ. ಬಿತ್ತನೆ ಬೀಜವನ್ನೆಲ್ಲ ಒಂದೇ ಕಡೆ ಕೂಡಿಡದ ರೈತನು ಲೆಕ್ಕದ ವಿಷಯದಲ್ಲಿಯೂ ಅದೇ ಎಚ್ಚರ ವಹಿಸುವುದು ಅವಶ್ಯಕ.

ಹಾನಿ ಹೇಗೆ ಬರುತ್ತದೆ?

ಮುಂಗಾರಿಗೆ ಮೊದಲು ಬರುವ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತ ವಿದ್ಯುತ್ ತಂತಿಯ ಮೂಲಕ ಹಾಯ್ದರೆ ಕಂಪ್ಯೂಟರಿನ ಜೊತೆಗೆ ಅದಕ್ಕೆ ಜೋಡಿಸಿರುವ ಡಿಸ್ಕ್ ಕೂಡ ಸುಡಬಹುದು. ಕಳ್ಳತನ, ಬೆಂಕಿ, ಕೈತಪ್ಪಿ ಅಳಿಸುವುದು ಇತರ ಕಾರಣಗಳು. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶ. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಎಂಬ ಇಂತಹ ತಂತ್ರಾಂಶವು ಸುಮಾರು 150 ದೇಶಗಳಿಗೆ ಹರಡಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ 5 ಸರ್ವರುಗಳು ಇಂತಹ ದಾಳಿಗೆ ತುತ್ತಾಗಿ, ಹಲವು ದಿನ ಎಲ್ಲವನ್ನೂ ಕಾಗದದಲ್ಲಿ ಬರೆಯಬೇಕಾಯಿತು. ದಾಳಿ ತಗುಲದೆ ಉಳಿದಿದ್ದ ಬ್ಯಾಕಪ್ ಸರ್ವರಿನಿಂದ ರೋಗಿಗಳ ಮಾಹಿತಿಯನ್ನು ಮರಳಿ ಪಡೆಯಲಾಯಿತು.

ಇಂತಹ ತಂತ್ರಾಂಶವು ಯಂತ್ರಕ್ಕೆ ಜೋಡಿಸಿರುವ ಡಿಸ್ಕಿನಲ್ಲಿರುವ ಪ್ರತಿಗಳಿಗೂ ಬೀಗ ಹಾಕುತ್ತದೆ. ಆದ್ದರಿಂದ ಸದಾ ಜೋಡಿಸಿಟ್ಟ ಪ್ರತಿಯನ್ನು ನಂಬುವಂತಿಲ್ಲ. ಬಿಚ್ಚಿ ಬೇರೆಡೆ ಇಟ್ಟ ಪ್ರತಿಯೇ ನಿಜವಾದ ರಕ್ಷಣೆ.

ಬೇಕಾಗುವ ಸಾಮಗ್ರಿ

ಕೈಯಲ್ಲಿ ಒಯ್ಯಬಹುದಾದ ಮೂರು ಹಾರ್ಡ್ ಡಿಸ್ಕುಗಳು ಸಾಕು. 200 ಸದಸ್ಯರು ದಿನಕ್ಕೆ ಎರಡು ಬಾರಿ ಹಾಲು ಹಾಕಿದರೆ ವರ್ಷಕ್ಕೆ 1,46,000 ನಮೂದುಗಳಾಗುತ್ತವೆ. ನಮೂದಿಗೆ 100 ಅಕ್ಷರ ಎಂದುಕೊಂಡರೂ ಇದು ಸುಮಾರು 15 ಎಂ.ಬಿ. ಮಾತ್ರ. ಹೀಗಾಗಿ ಚಿಕ್ಕ ಅಳತೆಯ ಡಿಸ್ಕ್ ಸಾಕಾಗುತ್ತದೆ. ಪೆನ್ ಡ್ರೈವುಗಳನ್ನು ದೀರ್ಘಕಾಲ ಬಳಸದೆ ಇಟ್ಟರೆ ಅದರಲ್ಲಿರುವ ಮಾಹಿತಿ ಕೆಡುವ ಸಂಭವವಿರುವುದರಿಂದ ಅವನ್ನೇ ನೆಚ್ಚಿಕೊಳ್ಳಬಾರದು.

ಸರದಿಯ ಕ್ರಮ

ಡಿಸ್ಕುಗಳ ಮೇಲೆ 1, 2, 3 ಎಂದು ಬರೆದು, ಪ್ರತಿ ಶನಿವಾರ ಸಂಜೆಯ ಹಾಲು ಶೇಖರಣೆ ಮುಗಿದ ನಂತರ ಒಂದೊಂದಾಗಿ ಬಳಸಬೇಕು. ಮೊದಲ ವಾರ 1, ಎರಡನೆಯ ವಾರ 2, ಮೂರನೆಯ ವಾರ 3, ನಾಲ್ಕನೆಯ ವಾರ ಮತ್ತೆ 1. ಹೊಸ ಪ್ರತಿಯಿರುವ ಡಿಸ್ಕ್ ಸಂಘದ ಬೀರುವಿನಲ್ಲಿರಲಿ. ಉಳಿದೆರಡು ಅಧ್ಯಕ್ಷರ ಮನೆಯಲ್ಲಿರಲಿ. ಮುಂದಿನ ಶನಿವಾರ ಅಲ್ಲಿಂದ ಎಲ್ಲಕ್ಕಿಂತ ಹಳೆಯದನ್ನು ತಂದು, ಬೀರುವಿನಲ್ಲಿದ್ದುದನ್ನು ಅಲ್ಲಿಗೆ ಕಳುಹಿಸಬೇಕು. ಮೂರನ್ನೂ ಎಂದಿಗೂ ಒಂದೇ ಕಡೆ ಸೇರಿಸಬಾರದು.

ಈ ಕ್ರಮದಿಂದ ಎರಡು ವಾರದ ಹಿಂದಿನ ಲೆಕ್ಕವೂ ಯಾವಾಗಲೂ ಕೈಯಲ್ಲಿರುತ್ತದೆ. ಹತ್ತು ದಿನದ ಹಿಂದೆ ಆದ ತಪ್ಪು ಇಂದು ಬೆಳಕಿಗೆ ಬಂದರೂ ಸರಿಪಡಿಸಬಹುದು. ಕೊನೆಯ ಪ್ರತಿಯ ನಂತರದ ದಿನಗಳ ಲೆಕ್ಕಕ್ಕಾಗಿ ದಿನದ ಹಾಳೆಯನ್ನು ಮುದ್ರಿಸಿ ಕಡತದಲ್ಲಿಡಬೇಕು. ಸಾಧ್ಯವಿದ್ದಲ್ಲಿ ನಾಲ್ಕನೆಯ ಡಿಸ್ಕಿನಲ್ಲಿ ತಿಂಗಳ ಕೊನೆಯ ಪ್ರತಿಗಳನ್ನು ಒಂದು ವರ್ಷ ಇಡುವುದು ಉತ್ತಮ.

ಮುನ್ನೆಚ್ಚರಿಕೆಗಳು

1. ಪ್ರತಿ ತೆಗೆಯುವ ಮೊದಲು ಎರಡು ಮೂರು ಕಡತಗಳನ್ನು ತೆರೆದು ನೋಡಬೇಕು. ಅವು ತೆರೆಯದಿದ್ದರೆ ಡಿಸ್ಕನ್ನು ಜೋಡಿಸಲೇಬಾರದು. ಒಳ್ಳೆಯ ಪ್ರತಿಯೂ ಹಾಳಾದೀತು.

2. ಲೆಕ್ಕದ ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು. ತೆರೆದಿರುವ ಕಡತವನ್ನು ನಕಲು ಮಾಡಿದರೆ ಅದು ಅರ್ಧಂಬರ್ಧವಾಗಬಹುದು.

3. ಕೆಲಸ ಮುಗಿದೊಡನೆ ಡಿಸ್ಕನ್ನು ಕ್ರಮವಾಗಿ ಬೇರ್ಪಡಿಸಿ, ದಿನಾಂಕವನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು.

4. ಡಿಸ್ಕಿನಲ್ಲಿ ಸದಸ್ಯರ ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಗಳಿರುವುದರಿಂದ ಪಾಸ್‌ವರ್ಡ್ ಹಾಕುವುದು ಅಗತ್ಯ. ಅದನ್ನು ಬರೆದ ಚೀಟಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿ, ಡಿಸ್ಕಿನಿಂದ ದೂರವಾಗಿ ಇಡಬೇಕು.

5. ಬಿಸಿಲು, ತೇವ ಮತ್ತು ಪೆಟ್ಟಿನಿಂದ ಕಾಪಾಡಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಸೂಕ್ತ.

ಪರೀಕ್ಷೆ ಮತ್ತು ಮರಳಿ ಪಡೆಯುವಿಕೆ

ಬೀಜದ ಮೊಳಕೆಯ ಪ್ರಮಾಣವನ್ನು ಬಿತ್ತುವ ಮೊದಲೇ ಪರೀಕ್ಷಿಸುವಂತೆ, ಪ್ರತಿಯನ್ನೂ ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಒಂದು ದಿನದ ಒಟ್ಟು ಹಾಲನ್ನು ಮುದ್ರಿತ ಹಾಳೆಯೊಡನೆ ತಾಳೆ ನೋಡಬೇಕು. ದಾಳಿಯಾದಾಗ ಮೊದಲು ಇಂಟರ್ನೆಟ್ ಸಂಪರ್ಕ ಕಡಿದು, ತಿಳಿದವರಿಂದ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಿದ ನಂತರವೇ ಡಿಸ್ಕನ್ನು ಜೋಡಿಸಬೇಕು.

ಶನಿವಾರದ ಅರ್ಧ ಗಂಟೆಯ ಈ ಕೆಲಸವನ್ನು ಒಬ್ಬರಿಗೆ ವಹಿಸಿ, ಅವರು ಇಲ್ಲದಾಗ ಮಾಡುವವರನ್ನೂ ಗೊತ್ತುಪಡಿಸಿದರೆ ಸದಸ್ಯರ ದುಡಿಮೆಯ ಲೆಕ್ಕ ಭದ್ರವಾಗಿ ಉಳಿಯುತ್ತದೆ.