ಅಡಕೆ ತೋಟದ ನೀಲಿ ಮದ್ದು

ಮುಂಗಾರು ಮಳೆ ಹಿಡಿಯುವುದಕ್ಕೆ ಮುನ್ನ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅಡಕೆ ತೋಟಗಳಲ್ಲಿ ‘ಮದ್ದು ಬಿಡುವ’ ಕೆಲಸ ಮೊದಲಾಗುತ್ತದೆ. ಕೆಳಗೆ ಪೀಪಾಯಿಯ ತುಂಬ ಆಕಾಶನೀಲಿಯ ದ್ರವ. ಮೇಲೆ ಕಾಲಿಗೆ ತಳೆ ಹಾಕಿ ಮರವನ್ನಪ್ಪಿ ನಿಂತ ಮನುಷ್ಯ. ಜೀವಶಾಸ್ತ್ರ, ರಸಾಯನಶಾಸ್ತ್ರ, ದುಡಿಯುವವನ ಆರೋಗ್ಯ ಇವು ಮೂರೂ ಈ ಒಂದು ಪೀಪಾಯಿಯಲ್ಲಿ ಬೆರೆತಿವೆ. ಇವುಗಳನ್ನು ಕುರಿತ ಸಂಶೋಧನ ಲೇಖನಗಳಲ್ಲಿ ಹಲವು ಈಗ ಹಣ ತೆರದೆ ಯಾರಾದರೂ ಓದಬಹುದಾದ ರೀತಿಯಲ್ಲಿ ಪ್ರಕಟವಾಗಿರುವುದರಿಂದ, ಅವನ್ನು ಒಟ್ಟಿಗಿಟ್ಟು ನೋಡೋಣ.

ಮದ್ದು ಕೊಳೆರೋಗಕ್ಕೆ, ನಮ್ಮ ಕಡೆ ಅದನ್ನು ಮಹಾಳಿ ಎನ್ನುವರು. ಎಳೆಗಾಯಿಯ ಮೇಲೆ ನೀರಿನಲ್ಲಿ ನೆನೆದಂತಹ ಕಲೆ ಮೂಡಿ, ಬಿಳಿಯ ಬೂಷ್ಟು ಹಬ್ಬಿ, ಕಾಯಿ ಉದುರುತ್ತದೆ. ಇದಕ್ಕೆ ಫೈಟಾಫ್ತರ ಎಂಬ ಜೀವಿ ಕಾರಣವೆಂದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ವಿವರಿಸಿದರು. ಆ ಕುಲದ ಯಾವ ಜಾತಿ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಲವು ಜೀನುಗಳನ್ನು ಹೋಲಿಸಿ, ಹೆಚ್ಚಾಗಿ ಫೈಟಾಫ್ತರ ಮೀಡಿಯೈ ಎಂದಿತು. ಬೂಷ್ಟಿನಂತೆ ತೋರಿದರೂ ಇದು ನಿಜವಾದ ಶಿಲೀಂಧ್ರವಲ್ಲ. ಇದರ ನಂಟು ಕಂದು ಪಾಚಿಗಳೊಡನೆ. ಎರಡು ಬಾಲಗಳುಳ್ಳ ಇದರ ಬೀಜಕಣಗಳು ಈಜುತ್ತವೆ. ಕಾಯಿಯ ಮೇಲಿನ ನೀರಿನ ತೆಳುಪೊರೆಯೇ ಅವಕ್ಕೆ ಕೆರೆ. ವರ್ಷಕ್ಕೆ ಸುಮಾರು 4 ಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಅಂತಹ ಕೆರೆಗಳಿಗೆ ಬರವೆ? ಶಿಲೀಂಧ್ರಗಳಿಗೆಂದು ಮಾಡಿದ ಕೆಲವು ಹೊಸ ಔಷಧಗಳು ಇದಕ್ಕೆ ನಾಟವು; ತಾಮ್ರ ನಾಟುತ್ತದೆ.

ಫ್ರಾನ್ಸಿನ ಬೋರ್ಡೋ ನಗರದಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ಪ್ರಕಟಿಸಿದ ಮದ್ದೇ ಇದು. ಈಗಿನ ಪ್ರಮಾಣ 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋಗ್ರಾಂ, ಸುಣ್ಣ 1 ಕಿಲೋಗ್ರಾಂ. ಮೈಲುತುತ್ತಿನ ದ್ರಾವಣವೊಂದನ್ನೇ ಸಿಂಪಡಿಸಿದರೆ ಅದು ಆಮ್ಲೀಯವಾದ್ದರಿಂದ ಗಿಡವನ್ನು ಸುಡುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಕರಗದ ಲೋಳೆಯಂತಹ ಕಣಗಳಾಗಿ ಕಾಯಿಗೆ ಅಂಟಿ, ಒಣಗಿ, ಅನಂತರ ಸ್ವಲ್ಪಸ್ವಲ್ಪವಾಗಿ ಅಯಾನುಗಳನ್ನು ಬಿಟ್ಟುಕೊಡುತ್ತದೆ. ಸುಣ್ಣ ಸಾಕಾಯಿತೆ ಎಂದು ತಿಳಿಯಲು ಕೃಷಿಕರು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವರು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡುವ ಈ ಕ್ರಿಯೆಯನ್ನು ತರಗತಿಯಲ್ಲಿ ತೋರಿಸಲು ನಾವು ಪ್ರಯೋಗನಳಿಕೆ ಹುಡುಕುತ್ತೇವೆ!

ಇನ್ನು ಮದ್ದು ಬಿಡುವವನ ವಿಚಾರ. 1 ಕಿಲೋಗ್ರಾಂ ಮೈಲುತುತ್ತಿನಲ್ಲಿ ತಾಮ್ರವೇ ಸುಮಾರು 250 ಗ್ರಾಂ. ಅದೆಲ್ಲವೂ ಗೊನೆಯ ಮೇಲೆ ನಿಲ್ಲದು. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ಇದೇ ಮದ್ದನ್ನು ದ್ರಾಕ್ಷಿಗೆ ಸಿಂಪಡಿಸಿದವರ ಶ್ವಾಸಕೋಶಗಳಲ್ಲಿ ತಾಮ್ರವನ್ನೊಳಗೊಂಡ ಗಂಟುಗಳು ಕಂಡುಬಂದುದನ್ನು ಪಿಮೆಂಟೆಲ್ ಮತ್ತು ಮಾರ್ಕೆಸ್ 1969ರಲ್ಲಿ ವರದಿ ಮಾಡಿದರು. ದ್ರಾಕ್ಷಿಬಳ್ಳಿ ಆಳೆತ್ತರದ್ದು, ಅಡಕೆ ಗೊನೆ 15 ಮೀಟರ್ ಮೇಲೂ ಇರಬಹುದು. ನೆಲದಲ್ಲೇ ನಿಂತು ಮದ್ದು ಬಿಡಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಿದ್ದು ಸೊಂಟ ಮುರಿಯುವ ಭಯ ಅದರಿಂದ ತಪ್ಪಿತು, ಅದು ದೊಡ್ಡ ಲಾಭವೇ ಸರಿ. ಆದರೆ ಮದ್ದಿನ ಮಂಜೆಲ್ಲ ಇಳಿಯುವುದು ದೋಟಿ ಹಿಡಿದವನ ಮುಖದ ಮೇಲೆ.

ಒಂದು ಸಣ್ಣ ಲೆಕ್ಕ. 20 ಮೈಕ್ರಾನ್ ಅಗಲದ ಹನಿ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1.2 ಸೆಂಟಿಮೀಟರ್ ಇಳಿಯುತ್ತದೆ. 15 ಮೀಟರ್ ಇಳಿಯಲು ಅದಕ್ಕೆ ಸುಮಾರು 20 ನಿಮಿಷ ಬೇಕು. ನಡುವೆ ಒಣಗಿ ಕಿರಿದಾದರೆ ಇನ್ನೂ ಹೆಚ್ಚು. ಪಂಪು ನಿಲ್ಲಿಸಿ ಅದೇ ಮರದ ಬುಡದಲ್ಲಿ ಎಲೆಯಡಕೆ ಹಾಕಲು ಕುಳಿತವನ ಸುತ್ತ ಮದ್ದು ಇನ್ನೂ ಇಳಿಯುತ್ತಲೇ ಇರುತ್ತದೆ. ಅವನ ಮೂಗಿಗೆ ಸುತ್ತಿದ ಬೈರಾಸಿನ ನೂಲುಗಳ ನಡುವಣ ಕಂಡಿಗಳಾದರೋ ಆ ಹನಿಗಿಂತ ಹಲವು ಪಾಲು ಅಗಲ.